ನೈಲ್ ಕ್ರೂಸ್: ಎಲ್ಲಾ ಕಡೆ ಗೈಡ್ ಜೊತೆ ಹೋಗಬೇಕಾ, ನಾವೇ ಸುತ್ತಬಹುದಾ?

ನವನಗರ ಟೀಚರ್, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ನಾವು ಮೂರು ಜನ ಈಜಿಪ್ಟಿಗೆ ಹೊರಟಿದ್ದೇವೆ. ನಾನು, ನಮ್ಮ ಮನೆಯವರು, ಅವರ ಅಕ್ಕ. ಲಕ್ಸರ್‌ನಲ್ಲಿ ಹಡಗು ಹತ್ತಿ ಆಸ್ವಾನ್‌ನಲ್ಲಿ ಇಳಿಯುವ 4 ರಾತ್ರಿಯ ಕ್ರೂಸ್. ನಡುವೆ ಎಡ್ಫು, ಕೊಮ್ ಒಂಬೊ. ಬೆಳಗಾವಿಯ ಏಜೆಂಟರು ಎರಡು ರೇಟ್ ಕೊಟ್ಟಿದ್ದಾರೆ. ಒಂದರಲ್ಲಿ ರೂಮು, ಊಟ, ಜೊತೆಗೆ ಎಲ್ಲಾ ಗುಡಿಗಳಿಗೂ ಗೈಡ್, ಬಸ್ಸು, ಟಿಕೆಟ್ಟು. ಇನ್ನೊಂದರಲ್ಲಿ ಬರೀ ರೂಮು, ಊಟ. ದಡಕ್ಕೆ ಇಳಿದ ಮೇಲೆ ನಮ್ಮ ದಾರಿ ನಮಗೆ. ಈ ವಾರವೇ ಯಾವುದು ಅಂತ ಹೇಳಬೇಕು.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿದವಳು. ಮಕ್ಕಳನ್ನು ಐಹೊಳೆ, ಪಟ್ಟದಕಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೆ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯ ಕಂಬಗಳ ಮೇಲೆ ರಾಮಾಯಣ, ಮಹಾಭಾರತದ ಕಥೆಗಳನ್ನು ಪಟ್ಟಿ ಪಟ್ಟಿಯಾಗಿ ಕೆತ್ತಿದ್ದಾರಲ್ಲ, ಅದರಲ್ಲಿ ಒಂದೇ ಕಂಬ ಹಿಡಿದು ಕೂತರೂ ಅರ್ಧ ತಾಸು ಸಾಲುತ್ತಿರಲಿಲ್ಲ. ನನಗೆ ಹಾಗೆ ನೋಡಿಯೇ ರೂಢಿ. ಹಿಂದೆ ಒಂದು ಗ್ರೂಪ್ ಟೂರಿನಲ್ಲಿ ರಾಜಸ್ಥಾನಕ್ಕೆ ಹೋದಾಗ ಗೈಡ್ ಕೊಡೆ ಎತ್ತಿ ಹಿಡಿದು ಮುಂದೆ ಮುಂದೆ ಓಡುತ್ತಿದ್ದರು. ಕೋಟೆಯ ಒಳಗೆ ಒಂದು ಗೋಡೆಯನ್ನಾದರೂ ನೆಟ್ಟಗೆ ನೋಡಲು ಬಿಡಲಿಲ್ಲ. ಕರಕುಶಲ ಅಂಗಡಿಯಲ್ಲಿ ಮಾತ್ರ ಬೇಕಾದಷ್ಟು ಹೊತ್ತು ನಿಲ್ಲಿಸಿದರು. ಅದು ಇನ್ನೂ ಮನಸ್ಸಿನಲ್ಲಿ ಕುಟುಕುತ್ತದೆ.

ಆದರೆ ನಮ್ಮ ಮನೆಯವರಿಗೆ ಮೊಣಕಾಲು ನೋವು. ಅತ್ತಿಗೆಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರುವುದಿಲ್ಲ. ಹಡಗು ನಮ್ಮನ್ನು ಬಿಟ್ಟು ಹೋದರೆ ಏನು ಗತಿ ಅನ್ನುವ ಭಯವೂ ಇದೆ. ಹೋಗಿ ಬಂದವರು ದಯವಿಟ್ಟು ಹೇಳಿ.

ಗುಮ್ಮಟದ ನೆರಳು, ವಿಜಯಪುರ

ಅಕ್ಕಾರೆ, ಪೂರ್ತಿ ಟ್ರಿಪ್ಪಿಗೆ ಒಂದೇ ನಿರ್ಧಾರ ಬೇಡ. ಒಂದೊಂದು ಊರಿಗೂ ಬೇರೆ ಬೇರೆ ಲೆಕ್ಕ. ಹಡಗು ಎಲ್ಲಿ ನಿಲ್ಲುತ್ತದೆ, ಎಷ್ಟು ತಾಸು ನಿಲ್ಲುತ್ತದೆ, ದಡದಿಂದ ಗುಡಿ ಎಷ್ಟು ದೂರ, ಇಷ್ಟು ಕೇಳಿಕೊಂಡರೆ ಅರ್ಧ ಗೊಂದಲ ಹೋಗುತ್ತದೆ. ನಾನು, ನಮ್ಮಾಕೆ ಹೋಗಿ ಬಂದಿದ್ದೇವೆ, ಅದರ ಮೇಲೆ ಹೇಳುತ್ತೇನೆ.

ಲಕ್ಸರ್ ಗುಡಿಗೆ ಗೈಡ್ ಬೇಡವೇ ಬೇಡ. ಊರಿನ ನಡುವೆ, ಹೊಳೆಯ ಪಕ್ಕದಲ್ಲೇ ಇದೆ. ರಾತ್ರಿಯೂ ತೆರೆದಿರುತ್ತದೆ, ದೀಪ ಹಾಕಿರುತ್ತಾರೆ. ಸಂಜೆ ಚಹಾ ಕುಡಿದು ನಿಧಾನಕ್ಕೆ ಹೋಗಿ. ಬಾಗಿಲಲ್ಲಿ ಒಂದೇ ಒಬೆಲಿಸ್ಕ್, ಅಂದರೆ ಒಂದೇ ಕಲ್ಲಿನ ಎತ್ತರದ ಚೂಪು ಕಂಬ, ನಿಂತಿದೆ. ಅದರ ಜೋಡಿ 1836ರಿಂದ ಪ್ಯಾರಿಸ್ಸಿನ ಚೌಕದಲ್ಲಿದೆ. ಒಳಗೆ ಹೋದ ಮೇಲೆ ಎಡಕ್ಕೆ ತಲೆ ಎತ್ತಿ ನೋಡಿ. ಅಬು ಹಗ್ಗಾಗ್ ಮಸೀದಿ ಇದೆ. ಅದರ ಹಳೆಯ ಬಾಗಿಲು ನಮ್ಮ ತಲೆಗಿಂತ ಎಷ್ಟೋ ಮೇಲೆ, ಗೋಡೆಯ ನಡುವೆ ಇದೆ, ಕೆಳಗೆ ಮೆಟ್ಟಿಲೇ ಇಲ್ಲ. ಮಸೀದಿ ಕಟ್ಟುವಾಗ ಗುಡಿ ಅಷ್ಟು ಎತ್ತರಕ್ಕೆ ಮಣ್ಣಲ್ಲಿ ಹೂತಿತ್ತು. ಆಗಿನ ಜನ ನೆಲದ ಮೇಲೆಯೇ ಬಾಗಿಲು ಇಟ್ಟಿದ್ದರು. ಆಮೇಲೆ ಮಣ್ಣು ತೆಗೆದಾಗ ಬಾಗಿಲು ಮೇಲೆಯೇ ಉಳಿಯಿತು. ನಾವು ಅಲ್ಲಿ ಕೂತಿದ್ದಾಗಲೇ ಆಜಾನ್ ಆಯಿತು. ಗ್ರೂಪಿನವರು ಅಷ್ಟೊತ್ತಿಗೆ ಊಟಕ್ಕೆ ಹಡಗಿಗೆ ಹೋಗಿಬಿಟ್ಟಿದ್ದರು.

ಲಕ್ಸರ್‌ನಲ್ಲೇ ಇರುವ ಇನ್ನೊಂದು ದೊಡ್ಡ ಗುಡಿ ಕಾರ್ನಾಕ್‌ಗೆ ಮಾತ್ರ ಗೈಡ್ ಜೊತೆಗೇ ಹೋಗಿ. ದೊಡ್ಡ ಮಂಟಪದಲ್ಲಿ 134 ಕಂಬಗಳಿವೆ. ನಡುವಿನ 12 ಕಂಬಗಳು ಸುಮಾರು 21 ಮೀಟರ್ ಎತ್ತರ. ನಾವೇ ಹೋಗಿದ್ದರೆ "ಅಬ್ಬಾ ಎಷ್ಟು ದೊಡ್ಡದು" ಅಂತ ಹೇಳಿ ಬರುತ್ತಿದ್ದೆವು ಅಷ್ಟೇ. ನಮ್ಮ ಗೈಡ್ ಎರಡು ಗೋಡೆಗಳ ಮುಂದೆ ನಿಲ್ಲಿಸಿದರು. ಉತ್ತರದ ಕಡೆ ಮೊದಲನೇ ಸೇತಿ ರಾಜನ ಕಾಲದ ಚಿತ್ರಗಳು ಕಲ್ಲಿನಿಂದ ಉಬ್ಬಿ ಬಂದಿವೆ, ನಯವಾಗಿವೆ. ದಕ್ಷಿಣದ ಕಡೆ ಅವನ ಮಗ ಎರಡನೇ ರಾಮ್ಸೆಸ್ ಕಾಲದವು ಕಲ್ಲಿನೊಳಗೆ ಕೊರೆದಿವೆ, ಗೆರೆಯಲ್ಲಿ ನೆರಳು ನಿಲ್ಲುತ್ತದೆ. ಒಂದೇ ಮಂಟಪ, ಅಪ್ಪನ ಕೈ ಬೇರೆ, ಮಗನ ಕೈ ಬೇರೆ. ಯಾರಾದರೂ ಬೆರಳು ಮಾಡಿ ತೋರಿಸದೆ ಇದು ನಮ್ಮಂಥವರ ಕಣ್ಣಿಗೆ ಬೀಳುವುದಿಲ್ಲ.

ರಾಜರ ಕಣಿವೆಯಲ್ಲಿ ಗೈಡ್‌ಗಳು ಗೋರಿಯ ಒಳಗೆ ನಿಂತು ವಿವರಣೆ ಕೊಡುವ ಹಾಗಿಲ್ಲ. ಹೊರಗೇ ಎಲ್ಲಾ ಹೇಳಿ ಒಳಗೆ ಕಳಿಸುತ್ತಾರೆ. ಹಾಗಾಗಿ ಗ್ರೂಪಿನಲ್ಲಿ ಹೋದರೂ ಒಳಗೆ ನೀವು ಸ್ವತಂತ್ರ. ಸಾಮಾನ್ಯ ಟಿಕೆಟಿನಲ್ಲಿ 3 ಗೋರಿ ನೋಡಬಹುದು. ಟೂಟನ್‌ಖಾಮುನ್, ಮೊದಲನೇ ಸೇತಿ ಇವರ ಗೋರಿಗಳಿಗೆ ಬೇರೆ ಟಿಕೆಟ್. ಸಾಹೇಬರ ಮೊಣಕಾಲಿಗೆ ನಾಲ್ಕನೇ ರಾಮ್ಸೆಸ್ ಗೋರಿ ಒಳ್ಳೆಯದು. ಅಗಲ ದಾರಿ, ಇಳಿಜಾರು ಕಡಿಮೆ. ಮೂರನೇ ಥುಟ್ಮೋಸ್ ಗೋರಿಯ ಕಡೆ ಹೋಗಲೇಬೇಡಿ, ಕಡಿದಾದ ಏಣಿ ಹತ್ತಬೇಕು. ಗೇಟಿನಿಂದ ಗೋರಿಗಳ ತನಕ ಚಿಕ್ಕ ಬ್ಯಾಟರಿ ಗಾಡಿ ಇರುತ್ತದೆ.

ಎಡ್ಫು ಒಂದೇ ಕಡೆ ನಾನು ಗಟ್ಟಿಯಾಗಿ ಹೇಳುತ್ತೇನೆ, ಹಡಗಿನವರ ಜೊತೆಗೇ ಹೋಗಿ. ಹೆಚ್ಚಾಗಿ ಮುಂಜಾನೆ ನಸುಕಿನಲ್ಲಿ ಇಳಿಸುತ್ತಾರೆ, ಕೆಲವೇ ತಾಸು ನಿಲ್ಲುತ್ತಾರೆ. ಗುಡಿ ದಡದಲ್ಲಿಲ್ಲ, ಊರ ಒಳಗಿದೆ. ಎಲ್ಲಾ ಹಡಗಿನ ಜನ ಒಂದೇ ಹೊತ್ತಿಗೆ ಅಲ್ಲಿ ಇರುತ್ತಾರೆ. ಗ್ರೂಪ್ ತಡವಾದರೆ ಹಡಗು ಕಾಯುತ್ತದೆ, ನೀವು ಮೂರೇ ಜನ ತಡವಾದರೆ ಕಾಯುತ್ತಾರೆ ಅನ್ನುವ ಭರವಸೆ ಇಲ್ಲ.

ಕೊಮ್ ಒಂಬೊ ಗುಡಿ ಹಡಗಿನಿಂದ ಇಳಿದರೆ ಎದುರಿಗೇ ಕಾಣುತ್ತದೆ. ನೀವೇ ಹೋಗಿ. ಒಂದು ಮಾತು ಮಾತ್ರ ನೆನಪಿರಲಿ: ಹಡಗುಗಳನ್ನು ಒಂದರ ಪಕ್ಕ ಒಂದು ಕಟ್ಟುತ್ತಾರೆ, ಬೇರೆ ಹಡಗಿನ ಲಾಬಿ ದಾಟಿಯೇ ನಮ್ಮದಕ್ಕೆ ಹೋಗಬೇಕು. ನಿಮ್ಮ ಹಡಗಿನ ಹೆಸರು, ನಿಂತ ಜಾಗ ಎರಡನ್ನೂ ಫೋಟೊ ಹೊಡೆದುಕೊಳ್ಳಿ.

ಕುಂದಾನಗರಿ, ಬೆಳಗಾವಿ

ವಿಜಯಪುರದ ಅಣ್ಣಾರ ಮಾತು ಬಹಳ ಮಟ್ಟಿಗೆ ಸರಿ. ಕೊಮ್ ಒಂಬೊ ವಿಷಯದಲ್ಲಿ ಮಾತ್ರ ನಾನು ಒಪ್ಪುವುದಿಲ್ಲ. ಹತ್ತಿರ ಇದೆ ಅಂತ ಗೈಡ್ ಬಿಟ್ಟರೆ ಮುಖ್ಯವಾದದ್ದೇ ತಪ್ಪಿಹೋಗುತ್ತದೆ. ಹಿಂಬದಿಯ ಹೊರಗೋಡೆಯಲ್ಲಿ ವೈದ್ಯರ ಸಲಕರಣೆಗಳು ಅಂತ ತೋರಿಸುವ ಕೆತ್ತನೆ ಇದೆ. ನನ್ನ ಕಣ್ಣೆದುರಿಗೇ ಎಷ್ಟೋ ಜನ ಮುಂದಿನ ಕಂಬಗಳ ಫೋಟೊ ತೆಗೆದು ವಾಪಸ್ ಹೋದರು. ಮೂಲೆಯಲ್ಲಿ ಒಂದು ದುಂಡು ಬಾವಿಯೂ ಇದೆ, ಒಳಗೆ ಮೆಟ್ಟಿಲು. ನೈಲ್ ನೀರು ಎಷ್ಟು ಏರಿದೆ ಅಂತ ಅದರಲ್ಲಿ ಅಳೆಯುತ್ತಿದ್ದರು. ನೀರು ಏರಿದ್ದರ ಮೇಲೆ ಆ ವರ್ಷದ ಬೆಳೆ, ಬೆಳೆಯ ಮೇಲೆ ಕಂದಾಯ. ಗೊತ್ತಿಲ್ಲದವರಿಗೆ ಅದು ಸುಮ್ನೆ ಒಂದು ಹಾಳು ಬಾವಿ, ಅಲ್ವಾ?

ನಾನು ಅಮ್ಮನ ಜೊತೆ ಹೋಗಿದ್ದೆ. ಹೆಂಗಸರಿಬ್ಬರೇ ಇದ್ದಾಗ ಗೈಡ್ ಇದ್ದರೆ ಇನ್ನೊಂದು ಉಪಯೋಗ. ಮಾರುವವರು, ಗಾಡಿಯವರು, "ಬಾ, ಒಳ್ಳೆ ಫೋಟೊ ಜಾಗ ತೋರಿಸ್ತೀನಿ" ಅಂತ ಮೂಲೆಗೆ ಕರೆದು ಆಮೇಲೆ ಬಕ್ಷೀಸು ಕೇಳುವ ಕಾವಲುಗಾರರು, ಇವರೆಲ್ಲ ಗೈಡ್ ಕಂಡರೆ ದೂರ ಇರುತ್ತಾರೆ. ಮನಸ್ಸಿಗೆ ನೆಮ್ಮದಿ ಇದ್ದರೆ ತಾನೇ ಗೋಡೆ ನೋಡಲು ಆಗುವುದು.

ಟೀಚರ್, ನೀವು ಇರುವುದು ಮೂರು ಜನ. ಏಜೆಂಟರು ಹೇಳಿದ ಎರಡು ರೇಟಿನ ನಡುವೆ ಮೂರನೆಯದೂ ಇದೆ. ಒಂದೆರಡು ಊರಿಗೆ ಖಾಸಗಿ ಗೈಡ್, ಕಾರು. ಈಜಿಪ್ಟಿನಲ್ಲಿ ಗೈಡ್‌ಗಳಿಗೆ ಸರ್ಕಾರದ ಲೈಸೆನ್ಸ್ ಬೇಕು, ಓದಿಕೊಂಡವರೇ ಸಿಗುತ್ತಾರೆ. ಎಷ್ಟು ಹೊತ್ತು ಎಲ್ಲಿ ನಿಲ್ಲಬೇಕು ಅನ್ನುವುದು ಆಗ ನಿಮ್ಮ ಕೈಯಲ್ಲಿ. ಬಹುತೇಕ ದೊಡ್ಡ ತಾಣಗಳಲ್ಲಿ ಈಗ ಟಿಕೆಟಿಗೆ ಕಾರ್ಡೇ ಕೇಳುತ್ತಾರೆ, ಹೊರದೇಶದಲ್ಲಿ ನಡೆಯುವ ಕಾರ್ಡ್ ಮಾಡಿಸಿಕೊಂಡು ಹೋಗಿ.

ಎಡ್ಫುದಲ್ಲಿ ಕುದುರೆ ಗಾಡಿ ಕೊಟ್ಟರೆ ಬೇಡ ಅನ್ನಿ. ಕೆಲವು ಕುದುರೆಗಳ ಬೆನ್ನೆಲುಬು, ಹುಣ್ಣು ನೋಡಿ ಅಮ್ಮನಿಗೆ ಆ ದಿನ ತಿಂಡಿಯೇ ಸೇರಲಿಲ್ಲ. ಆಟೊ, ಟ್ಯಾಕ್ಸಿ ಸಿಗುತ್ತವೆ. ಮೊದಲೇ ಹೇಳಿಟ್ಟರೆ ಹಡಗಿನವರೇ ವ್ಯವಸ್ಥೆ ಮಾಡುತ್ತಾರೆ.

ನವನಗರ ಟೀಚರ್, ಬಾಗಲಕೋಟೆ

ಇಬ್ಬರಿಗೂ ತುಂಬಾ ಧನ್ಯವಾದ. ಆಸ್ವಾನ್ ಬಗ್ಗೆ ಇನ್ನೂ ಯಾರೂ ಹೇಳಲಿಲ್ಲ. ನನಗೆ ಈ ಟ್ರಿಪ್ಪಿನಲ್ಲಿ ಮುಖ್ಯ ಅದೇ.

ಆಸ್ವಾನ್ ಹೈ ಡ್ಯಾಮ್ ಕೆಲಸ 1960ರಲ್ಲಿ ಶುರುವಾಗಿ 1970ರಲ್ಲಿ ಮುಗಿಯಿತು. ಆ ನೀರಿನಲ್ಲಿ ಮುಳುಗಬಾರದು ಅಂತ ಅಬು ಸಿಂಬೆಲ್ ಗುಡಿಗಳನ್ನು ಕತ್ತರಿಸಿ ಮೇಲಕ್ಕೆ ಸಾಗಿಸುವ ಕೆಲಸ ಹಿಡಿದದ್ದು 1964ರಲ್ಲಿ. ಅದೇ ವರ್ಷ ಆಲಮಟ್ಟಿಗೆ ಶಾಸ್ತ್ರೀಜಿ ಅಡಿಗಲ್ಲು ಹಾಕಿದ್ದು. ನಮ್ಮ ಅತ್ತೆಯವರ ಮನೆ ಹಳೆ ಬಾಗಲಕೋಟೆಯಲ್ಲಿತ್ತು. ನೋಟಿಸು ಬಂತು, ಅಳತೆ ಆಯಿತು, ಪರಿಹಾರ ಬಂತು, ನವನಗರದಲ್ಲಿ ಸೆಕ್ಟರ್ ನಂಬರಿನ ಸೈಟು ಬಂತು. ಮನೆ ಬಿಡುವ ದಿನ ಅತ್ತೆ ತಲಬಾಗಿಲಿನ ಚೌಕಟ್ಟು ಬಿಚ್ಚಿಸಿ ಟ್ರ್ಯಾಕ್ಟರಿನಲ್ಲಿ ಹೇರಿಸಿದರು. ಈಗಿನ ಮನೆಗೂ ಅದೇ ಚೌಕಟ್ಟು, ಹೊಸ್ತಿಲಲ್ಲಿ ಹಳೆಯ ಅರಿಶಿನದ ಬಣ್ಣ ಇನ್ನೂ ಇದೆ. ಅತ್ತಿಗೆ ಹುಟ್ಟಿ ಬೆಳೆದದ್ದು ಆ ಮನೆಯಲ್ಲಿ. ಗುಡಿಗಳನ್ನು ಎತ್ತಿ ಇಟ್ಟರು ಸರಿ, ಅಲ್ಲಿನ ನುಬಿಯನ್ ಜನ ಎಲ್ಲಿ ಹೋದರು ಅಂತ ಅವರು ನನ್ನನ್ನು ಕೇಳುತ್ತಲೇ ಇದ್ದಾರೆ. ಪ್ಯಾಕೇಜಿನಲ್ಲಿ "ನುಬಿಯನ್ ಹಳ್ಳಿ ಭೇಟಿ" ಅಂತ ಇದೆ. ಅದರಲ್ಲಿ ಇದಕ್ಕೆ ಉತ್ತರ ಸಿಗುತ್ತದಾ? ಅಬು ಸಿಂಬೆಲ್ ಪ್ರಯಾಣ ಮೊಣಕಾಲಿಗೆ ಕಷ್ಟವಾ?

ಗುಮ್ಮಟದ ನೆರಳು, ವಿಜಯಪುರ

ಅಕ್ಕಾರೆ, ಇದನ್ನು ಮೊದಲೇ ಹೇಳಿದ್ದರೆ ನಾನು ಆಸ್ವಾನಿನಿಂದಲೇ ಶುರು ಮಾಡುತ್ತಿದ್ದೆ.

ಪ್ಯಾಕೇಜಿನ ಹಳ್ಳಿ ಸಾಮಾನ್ಯವಾಗಿ ಗರ್ಬ್ ಸೊಹೇಲ್. ಬಣ್ಣ ಬಣ್ಣದ ಮನೆ, ಒಂಟೆ, ತೊಟ್ಟಿಯಲ್ಲಿ ಮೊಸಳೆ. ನೋಡಲು ಚೆಂದ, ಆದರೆ ನಿಮ್ಮ ಅತ್ತಿಗೆಯ ಪ್ರಶ್ನೆಗೆ ಉತ್ತರ ಅಲ್ಲಿ ಸಿಗುವುದು ಕಷ್ಟ. ಹೈ ಡ್ಯಾಮಿನಿಂದ ಊರು ಕಳೆದುಕೊಂಡ ಈಜಿಪ್ಟಿನ ನುಬಿಯನ್ನರಲ್ಲಿ ಬಹಳ ಜನರನ್ನು ಕೊಮ್ ಒಂಬೊ ಸುತ್ತಿನ ಹೊಸ ಹಳ್ಳಿಗಳಿಗೆ ಕಳಿಸಿದರು. ಹೊಳೆ ದಂಡೆಯ ಜನರನ್ನು ಹೊಳೆಯಿಂದ ದೂರ ಕೂರಿಸಿದರು. ಆ ಅರ್ಧ ದಿನ ಬಿಟ್ಟು ನೀವೇ ನುಬಿಯನ್ ಮ್ಯೂಸಿಯಂಗೆ ಹೋಗಿ. 1997ರಲ್ಲಿ ತೆರೆದದ್ದು. ಮುಳುಗಿದ ಸೀಮೆಯ ಕಥೆಯನ್ನೇ ಅಲ್ಲಿ ಹೇಳಿದ್ದಾರೆ. ಸಂಜೆ ಫೆಲುಕ್ಕಾ ಅನ್ನುವ ಹಾಯಿದೋಣಿ ಮಾಡಿಕೊಳ್ಳಿ, ಅಂಬಿಗರಲ್ಲಿ ನುಬಿಯನ್ನರು ಜಾಸ್ತಿ. ನಮ್ಮ ದೋಣಿಯವನು ಅಜ್ಜನ ಊರಿನ ಹೆಸರು ಹೇಳಿ ನೀರಿನ ಕಡೆ ಕೈ ತೋರಿಸಿದ.

ಫಿಲೆ ಗುಡಿಯನ್ನೂ ಬಿಡಬೇಡಿ. ಅದನ್ನೂ ಕಲ್ಲು ಕಲ್ಲು ಬಿಡಿಸಿ ಪಕ್ಕದ ಅಗಿಲ್ಕಿಯ ದ್ವೀಪಕ್ಕೆ ಒಯ್ದು 1980ರಲ್ಲಿ ಮತ್ತೆ ತೆರೆದರು. ದ್ವೀಪಕ್ಕೆ ಮೋಟರ್ ದೋಣಿ ಬೇಕು, ದೋಣಿಯ ಬಾಡಿಗೆ ಟಿಕೆಟಿನಲ್ಲಿ ಸೇರಿಲ್ಲ, ಚೌಕಾಸಿ ಬಹಳ. ಇಲ್ಲಿ ಗೈಡ್ ಇದ್ದರೆ ವಾಸಿ.

ಅಬು ಸಿಂಬೆಲ್ ಆಸ್ವಾನಿನಿಂದ ಸುಮಾರು 280 ಕಿಲೋಮೀಟರ್. ಒಂದು ಕಡೆಗೆ ಮೂರು ತಾಸಿನ ಮೇಲೆ, ಬರೀ ಮರಳುಗಾಡು. ಮುಂಜಾನೆ ನಾಲ್ಕಕ್ಕೆಲ್ಲ ಹೊರಡಿಸುತ್ತಾರೆ. ಗ್ರೂಪ್ ಬಸ್ಸಿಗಿಂತ ಖಾಸಗಿ ಕಾರು ಮಾಡಿ, ಸಾಹೇಬರು ಕಾಲು ಚಾಚಿ ಕೂರಬಹುದು, ಬೇಕೆಂದಲ್ಲಿ ನಿಲ್ಲಿಸಬಹುದು. ಗುಡಿಯನ್ನು ಮೊದಲಿನ ಜಾಗದಿಂದ ಸುಮಾರು 65 ಮೀಟರ್ ಮೇಲಕ್ಕೆ, 200 ಮೀಟರ್ ಹಿಂದಕ್ಕೆ ಇಟ್ಟಿದ್ದಾರೆ. ಹಿಂದಿನ ಗುಡ್ಡವೂ ಮಾನವ ಕಟ್ಟಿದ್ದು, ಒಳಗೆ ಕಾಂಕ್ರೀಟಿನ ಗುಮ್ಮಟವಿದೆ. ಗೋಲಗುಮ್ಮಟದ ಊರಿನವನಾದ ನನಗೆ ಅದು ಬಹಳ ಹಿಡಿಸಿತು. ಅತ್ತಿಗೆಯವರನ್ನು ಖಂಡಿತ ಕರೆದುಕೊಂಡು ಹೋಗಿ.

ಮೇಣಬಸದಿ ಗೈಡ್, ಬಾದಾಮಿ

ನಾನು ಬಾದಾಮಿಯಲ್ಲಿ ಗೈಡ್ ಕೆಲಸ ಮಾಡುತ್ತೇನೆ. ಈಜಿಪ್ಟ್ ನೋಡಿಲ್ಲ, ಗೈಡ್ ವಿಷಯ ಮಾತ್ರ ಹೇಳುತ್ತೇನೆ.

ಮೊದಲ ಗುಹೆಯ ನಟರಾಜನಿಗೆ 18 ಕೈ. ಒಂದು ಬಸ್ಸಿನ ಜನ ಬಂದರೆ ನಾನು ಗಂಟಲು ಹರಿದುಕೊಂಡು ಹೇಳಬೇಕು, ಹಿಂದೆ ನಿಂತವರಿಗೆ ಕೈಯೂ ಕಾಣುವುದಿಲ್ಲ, ಮಾತೂ ಕೇಳುವುದಿಲ್ಲ. ಅದೇ ನಾಲ್ಕೈದು ಜನ ಬಂದರೆ ಒಂದೊಂದು ಜೋಡಿ ಕೈ ಹಿಡಿದು ಭಂಗಿ ತೋರಿಸುತ್ತೇನೆ. ಆಮೇಲೆ "ನೀವು ನೋಡ್ತಾ ಇರಿ" ಅಂತ ಹೇಳಿ ಹೊರಗೆ ಬರುತ್ತೇನೆ. ಹಾಗೆ ಬಿಟ್ಟಾಗಲೇ ಜನ ಒಳ್ಳೆಯ ಪ್ರಶ್ನೆ ತರುತ್ತಾರೆ.

ಅದಕ್ಕೆ ಟೀಚರ್, ಏಜೆಂಟರನ್ನು "ಗೈಡ್ ಇದ್ದಾರಾ" ಅಂತ ಕೇಳಬೇಡಿ. ಒಬ್ಬ ಗೈಡಿಗೆ ಎಷ್ಟು ಜನ, ಗುಡಿಯ ಒಳಗೆ ನಮ್ಮಷ್ಟಕ್ಕೆ ಎಷ್ಟು ಹೊತ್ತು ಬಿಡುತ್ತಾರೆ, ದಾರಿಯಲ್ಲಿ ಪಪೈರಸ್, ಅತ್ತರಿನ ಅಂಗಡಿಗೆ ಒಯ್ಯುತ್ತಾರಾ, ಇವನ್ನು ಬರಹದಲ್ಲಿ ಕೇಳಿ. ಅಂಗಡಿ ಬೇಡ ಅಂತ ಮೊದಲೇ ಹೇಳಿದರೆ ಒಳ್ಳೆಯ ಗೈಡ್ ಬೇಸರ ಮಾಡಿಕೊಳ್ಳುವುದಿಲ್ಲ. ಅತ್ತಿಗೆಯವರಿಗೆ ಹಿಂದಿನ ರಾತ್ರಿಯೇ ನೀವು ಕನ್ನಡದಲ್ಲಿ ಕಥೆ ಹೇಳಿಬಿಡಿ. ಸ್ಥಳದಲ್ಲಿ ಗೈಡಿನ ಮಾತನ್ನೂ ಕೇಳಿ ಅವರಿಗೂ ಹೇಳಲು ಹೋದರೆ ಎರಡೂ ಅರ್ಧಂಬರ್ಧ ಆಗುತ್ತದೆ.

ನವನಗರ ಟೀಚರ್, ಬಾಗಲಕೋಟೆ

ಎಲ್ಲರ ಮಾತು ಮನೆಯಲ್ಲಿ ಓದಿ ಹೇಳಿದೆ. ಬರೀ ರೂಮು, ಊಟದ ರೇಟ್ ತೆಗೆದುಕೊಳ್ಳುತ್ತೇವೆ. ಎಡ್ಫು ಒಂದಕ್ಕೆ ಹಡಗಿನ ಗ್ರೂಪ್, ಆಟೊ ಬೇಕು ಅಂತ ಬರೆಸುತ್ತೇನೆ. ಕಾರ್ನಾಕ್, ರಾಜರ ಕಣಿವೆ ಸೇರಿ ಒಂದು ದಿನ, ಆಸ್ವಾನಿನಲ್ಲಿ ಫಿಲೆ ಮತ್ತು ಅಬು ಸಿಂಬೆಲ್‌ಗೆ ಖಾಸಗಿ ಗೈಡ್, ಕಾರು. ಆಸ್ವಾನಿಗೆ ನುಬಿಯನ್ ಗೈಡೇ ಸಿಗಬಹುದಾ ಅಂತ ಕೇಳುತ್ತೇನೆ. ಲಕ್ಸರ್ ಗುಡಿ, ಮ್ಯೂಸಿಯಂ ನಾವೇ. ಕೊಮ್ ಒಂಬೊಗೂ ನಾವೇ ಹೋಗುತ್ತೇವೆ, ಹಿಂಬದಿ ಗೋಡೆ, ಬಾವಿ ಎರಡೂ ಈಗ ಗೊತ್ತಾಯಿತಲ್ಲ. ನಾಳೆ ಬೆಳಿಗ್ಗೆ ಏಜೆಂಟರಿಗೆ ಫೋನ್ ಮಾಡಿ, ಬಾದಾಮಿಯವರು ಹೇಳಿದ್ದನ್ನೆಲ್ಲ ವಾಟ್ಸಾಪಿನಲ್ಲಿ ಬರೆದು ಕಳಿಸುತ್ತೇನೆ. ಅವರ ಉತ್ತರ ಬಂದ ಮೇಲೆ ರೇಟು ಎಷ್ಟಾಯಿತು ಅಂತ ಇಲ್ಲೇ ಹಾಕುತ್ತೇನೆ, ಮುಂದೆ ಹೋಗುವವರಿಗೆ ಬೇಕಾಗುತ್ತದೆ.