ಡ್ಯಾಂಪಿಂಗ್: ಅವಮಂದನ, ಕ್ಷೀಣನ, ಹೀರಿಕೆ - ಯಾವುದು ಎಲ್ಲಿ?

ಪ್ರಶ್ನೆ: ಹಳೆ ಟೈರಿನ ರಬ್ಬರ್ ಪುಡಿ ಬೆರೆಸಿದ ಕಾಂಕ್ರೀಟಿನ ಬಗ್ಗೆ ಒಂದು ಕೈಪಿಡಿ ತಿದ್ದುತ್ತಿದ್ದೇನೆ. ‘ಡ್ಯಾಂಪಿಂಗ್’ ಒಂದು ಕಡೆ ಅವಮಂದನ, ಇನ್ನೊಂದು ಕಡೆ ಕ್ಷೀಣನ, ಮತ್ತೊಂದೆಡೆ ಕಂಪನ ಹೀರಿಕೆ ಎಂದಾಗಿದೆ. ಒಂದನ್ನೇ ಉಳಿಸಬಹುದೇ? ತಿಳಿದವರು ಹೇಳಿ.

ಉತ್ತರ: ದಯವಿಟ್ಟು ಒಂದೇ ಮಾಡಬೇಡಿ, ಅರ್ಥ ಕೆಡುತ್ತದೆ.

ಕಂಪನದ ಶಕ್ತಿ ವಸ್ತುವಿನೊಳಗೇ ಶಾಖವಾಗಿ ಕಳೆದುಹೋಗುವುದು ಅವಮಂದನ. ರಬ್ಬರಿನ ಅಣುಸರಪಳಿಗಳ ಒಳತಿಕ್ಕಾಟ, ರಬ್ಬರ್ ಚೂರಿಗೂ ಸಿಮೆಂಟಿಗೂ ನಡುವಿನ ಸಡಿಲ ಹಿಡಿತದಲ್ಲಿ ಆಗುವ ಘರ್ಷಣೆ, ಎರಡೂ ಇದರಲ್ಲಿ ಬರುತ್ತವೆ. ಅಲೆ ಸಾಗಿದಂತೆ ಯಾವ ಕಾರಣಕ್ಕಾದರೂ ಅದರ ಬಲ ಇಳಿದರೆ ಅದು ಕ್ಷೀಣನ. ಅಲೆ ಹರಡಿಕೊಂಡರೂ, ಜಲ್ಲಿಗೆ ತಾಗಿ ಚದುರಿದರೂ ಕ್ಷೀಣನವೇ, ಆದರೆ ಅಲ್ಲಿ ಶಾಖವಾಗಿ ಹೋಗಿದ್ದು ಏನೂ ಇಲ್ಲ. ‘ಹೀರಿಕೆ’ಯನ್ನು ಕೋಣೆಯ ಶಬ್ದಕ್ಕೆ ಬಿಟ್ಟುಬಿಡಿ.

ಯಾವ ಪದ ಎಂಬುದನ್ನು ಪರೀಕ್ಷೆಯೇ ಹೇಳುತ್ತದೆ. 100×100×500 ಮಿ.ಮೀ. ತೊಲೆಯನ್ನು ಎರಡೂ ತುದಿಯಿಂದ 112 ಮಿ.ಮೀ. ಒಳಗೆ ಮೆತ್ತನೆಯ ಫೋಮ್ ಮೇಲಿಟ್ಟು, ನಡುವೆ ಸಣ್ಣ ಸುತ್ತಿಗೆಯಿಂದ ತಟ್ಟಿ, ತುದಿಯಲ್ಲಿ ಸೆನ್ಸರ್ ಇಡುತ್ತಾರೆ. 10 ಆವರ್ತಗಳಲ್ಲಿ ಕಂಪನದ ಎತ್ತರ ಅರ್ಧಕ್ಕಿಳಿದರೆ, 0.693ನ್ನು (2ರ ಸ್ವಾಭಾವಿಕ ಲಾಗರಿದಮ್) 10ರಿಂದ, ಬಂದದ್ದನ್ನು 6.283ರಿಂದ (2π) ಭಾಗಿಸಿ: 0.011, ಅಂದರೆ ಶೇ. 1.1. ಇದು ಅವಮಂದನ ಅನುಪಾತ. ತೊಲೆ ಕಂಪಿಸುವಾಗ ಬಹುತೇಕ ಅಲುಗದ ಜಾಗ ಆ 112 ಮಿ.ಮೀ., ಆಧಾರ ಅಲ್ಲಿಂದ ಸರಿದರೆ ಶಕ್ತಿ ಮೇಜಿಗೆ ಸೋರುತ್ತದೆ, ಅಂಕಿ ಏರುತ್ತದೆ, ಹೆಸರು ಮಾತ್ರ ರಬ್ಬರಿಗೆ! ಒದ್ದೆ ತೊಲೆಯಲ್ಲೂ ಅಂಕಿ ಹೆಚ್ಚೇ ಬರುತ್ತದೆ, ಹಾಗಾಗಿ ಹೋಲಿಸುವ ತೊಲೆಗಳೆಲ್ಲ ಒಂದೇ ಒಣಗಿಕೆಯಲ್ಲಿರಬೇಕು.

ಅಲ್ಟ್ರಾಸೋನಿಕ್ ಪರೀಕ್ಷೆಯ (ಕಾಂಕ್ರೀಟಿನೊಳಗೆ ಶಬ್ದದ ಅಲೆ ಹಾಯಿಸಿ ಅದರ ವೇಗ ಅಳೆಯುವುದು) ಅಧ್ಯಾಯದಲ್ಲಿ ‘ವೇಗ ಇಳಿದಿದೆ, ಆದ್ದರಿಂದ ಅವಮಂದನ ಹೆಚ್ಚಿದೆ’ ಎಂಬಂಥ ವಾಕ್ಯವಿದ್ದರೆ ತೆಗೆಯಿರಿ. ವೇಗ ಇಳಿಯುವುದು ಬಿಗುವು ಕಡಿಮೆಯಾದದ್ದರಿಂದ, ಒಳಗೆ ಗಾಳಿ ಸೇರಿದ್ದರಿಂದ. ಅದು ಬೇರೆಯೇ ಗುಣ.

ಗಾರೆ ಕೆಲಸದವರು ಓದುವ ಪುಟಗಳಲ್ಲಿ ‘ಡ್ಯಾಂಪಿಂಗ್’ ಎಂದು ಬರೆಯಲೇಬೇಡಿ. ಅವರಿಗೆ ಡ್ಯಾಂಪ್ ಅಂದರೆ ಗೋಡೆ ತೇವ ಹಿಡಿಯುವುದು, ರಬ್ಬರ್ ಹಾಕಿದರೆ ತೇವ ಬರುತ್ತದೆ ಎಂದುಕೊಂಡಾರು. ಅಲ್ಲಿಗೆ ‘ಅದುರು ತಗ್ಗಿಸುವುದು’ ಸಾಕು, ಚೆನ್ನಾಗಿಯೂ ಇದೆ.

ಪದದಷ್ಟೇ ತೊಂದರೆ ಕೊಡುವ ಇನ್ನೊಂದು ಜಾಗ ‘ಶೇ. 10 ರಬ್ಬರ್’, ಅಂದರೆ ಮರಳಿನಲ್ಲಿ ಅಷ್ಟು ಪಾಲು ತೆಗೆದು ರಬ್ಬರ್ ಹಾಕುವುದು. ಗಾತ್ರದ ಲೆಕ್ಕವೋ ತೂಕದ್ದೋ, ಪ್ರತಿ ಸಲವೂ ಬರೆಯಿರಿ. ಮರಳಿನ ಸಾಪೇಕ್ಷ ಸಾಂದ್ರತೆ (ಅಷ್ಟೇ ಗಾತ್ರದ ನೀರಿಗಿಂತ ಎಷ್ಟು ಪಟ್ಟು ಭಾರ ಎಂಬುದು) ಸುಮಾರು 2.65, ರಬ್ಬರಿನದು 1.15. ಗಾತ್ರದ ಲೆಕ್ಕದಲ್ಲಿ 70 ಕೆ.ಜಿ. ಮರಳು ತೆಗೆದರೆ ಹಾಕಬೇಕಾದ್ದು ಸುಮಾರು 30 ಕೆ.ಜಿ. ರಬ್ಬರ್. ತೂಕ ಎಂದು ತಿಳಿದು 70 ಕೆ.ಜಿ. ಸುರಿದರೆ ರಬ್ಬರ್ ಎರಡು ಪಟ್ಟಿಗೂ ಹೆಚ್ಚು ಜಾಗ ಹಿಡಿದು ಕಾಂಕ್ರೀಟಿನ ಬಲ ಕುಸಿಯುತ್ತದೆ. ಹಗುರವಾದ್ದರಿಂದಲೇ ವೈಬ್ರೇಟರ್ ಹೆಚ್ಚು ಹೊತ್ತು ಬಿಟ್ಟರೆ ರಬ್ಬರ್ ಮೇಲಕ್ಕೆ ತೇಲಿ ಬರುತ್ತದೆ. ಇದಕ್ಕೆ ‘ಬೇರ್ಪಡುವಿಕೆ’ ಎಂದು ಬರೆಯುವುದಕ್ಕಿಂತ ‘ರಬ್ಬರ್ ತೇಲುವುದು’ ಎಂದೇ ಬರೆಯಿರಿ, ಓದಿದವನು ಅಚ್ಚಿನ ಮೇಲ್ಮೈ ನೋಡಿ ಗುರುತಿಸುತ್ತಾನೆ.