ಬ್ರೌಸರಿನಲ್ಲಿ ಪ್ಯಾಕ್‌ಮ್ಯಾನ್ ಆಡುವಾಗ ತಿರುವು ತಪ್ಪುತ್ತಿದೆ: ಹಳೆಯ ಆರ್ಕೇಡ್ ಆಟಗಳನ್ನು ಬಲ್ಲವರಲ್ಲಿ ಒಂದು ಪ್ರಶ್ನೆ

ನೀರ್ಚಾಲಿನವ (ಪ್ರಶ್ನೆ)

ನಾನು ಬದಿಯಡ್ಕದ ಹತ್ತಿರದ ನೀರ್ಚಾಲಿನವನು. 1990ರ ದಶಕದ ಕೊನೆಗೆ, ಹೈಸ್ಕೂಲಿನಲ್ಲಿ ಓದುತ್ತಿದ್ದಾಗ, ಶನಿವಾರ ಕಾಸರಗೋಡು ಪೇಟೆಗೆ ಹೋದರೆ ಹಳೆ ಬಸ್‌ಸ್ಟ್ಯಾಂಡಿನ ಬಳಿಯಿದ್ದ ವಿಡಿಯೋ ಗೇಮ್ ಅಂಗಡಿಗೆ ಹೋಗದೆ ಅಣ್ಣನೂ ನಾನೂ ಬಸ್ಸು ಹತ್ತುತ್ತಿರಲಿಲ್ಲ. ಅಲ್ಲಿದ್ದದ್ದು ಮೂರೇ ಯಂತ್ರ. ಒಂದರಲ್ಲಿ ಓಣಿಗಳಲ್ಲಿ ಓಡುತ್ತ ಚುಕ್ಕೆ ನುಂಗಿ, ಭೂತಗಳಿಂದ ತಪ್ಪಿಸಿಕೊಳ್ಳುವ ಪ್ಯಾಕ್‌ಮ್ಯಾನ್, ಇನ್ನೊಂದರಲ್ಲಿ ಎಲ್ಲರೂ ‘ಮುಸ್ತಫಾ’ ಎಂದೇ ಕರೆಯುತ್ತಿದ್ದ ಹೊಡೆದಾಟದ ಆಟ, ಮೂರನೆಯದರಲ್ಲಿ ಇಬ್ಬರು ಎದುರುಬದುರಾಗಿ ಕಾದಾಡುವ ಕಿಂಗ್ ಆಫ್ ಫೈಟರ್ಸ್ 97. ಪ್ಯಾಕ್‌ಮ್ಯಾನ್ ಯಂತ್ರದ ಕೋಲಿನ (ಜಾಯ್‌ಸ್ಟಿಕ್) ತುದಿಯ ಕೆಂಪು ಗುಂಡು ಹೆಬ್ಬೆರಳು ಕೂರುವ ಜಾಗದಲ್ಲಿ ಸವೆದು ಬೆಳ್ಳಗಾಗಿತ್ತು. ಅದನ್ನು ಹಿಡಿದರೆ ಕಣ್ಣು ಹೇಳುವ ಮೊದಲೇ ಕೈ ತಿರುಗುತ್ತಿತ್ತು.

ಈಗ ಮಗಳಿಗೆ ಹನ್ನೆರಡು ವರ್ಷ. ಅವಳಿಗೆ ಆ ಆಟಗಳನ್ನು ತೋರಿಸಬೇಕೆಂಬ ಆಸೆಯಿಂದ ಕಳೆದ ತಿಂಗಳು ಅಂತರ್ಜಾಲದಲ್ಲಿ ಹುಡುಕಿದೆ. ಮೊದಲು ಸಿಕ್ಕ ಜಾಲತಾಣ ಆಟಕ್ಕೆ ಮುಂಚೆ ಯಾವುದೋ ಆ್ಯಪ್ ಹಾಕಿಕೊಳ್ಳಲು ಹೇಳಿತು, ಅವಳು ಒತ್ತಿಬಿಟ್ಟಳು, ಎರಡು ದಿನ ಫೋನಿನ ತುಂಬ ಜಾಹೀರಾತು ಬಂದು ಕೊನೆಗೆ ಎಲ್ಲವನ್ನೂ ಅಳಿಸಿ ಹೊಸದಾಗಿ ಹೊಂದಿಸಬೇಕಾಯಿತು. ಆಮೇಲೆ ಮತ್ತೊಂದು ಕಡೆ ಪ್ಯಾಕ್‌ಮ್ಯಾನ್ ಸಿಕ್ಕಿತು. ಲ್ಯಾಪ್‌ಟಾಪನ್ನು ಟಿ.ವಿ.ಗೆ ಜೋಡಿಸಿ, ಬ್ಲೂಟೂತ್ ಕಂಟ್ರೋಲರ್ ಹಿಡಿದು ಕುಳಿತೆವು. ಚಿತ್ರ ಅದೇ, ಸದ್ದು ಅದೇ, ಆದರೆ ನಾನು ಎಡಕ್ಕೆ ಒತ್ತಿದಾಗ ಅದು ಓಣಿಯ ಬಾಯಿ ದಾಟಿದ ಮೇಲೆ ತಿರುಗಲು ನೋಡುತ್ತದೆ. ನಮ್ಮ ಮನೆಯ ಬ್ರಾಡ್‌ಬ್ಯಾಂಡ್ ಮಳೆಗಾಲದಲ್ಲಿ ಅಷ್ಟಕ್ಕಷ್ಟೇ. ಇದು ಅದರ ದೋಷವೇ, ಅಥವಾ ನನ್ನ ಕೈಯೇ ನಿಧಾನವಾಗಿದೆಯೇ? ನಂಬಿಕೆಯಿಂದ ಆಡಬಹುದಾದ ತಾಣ ಯಾವುದು? ಮುಸ್ತಫಾ ಎಲ್ಲಾದರೂ ಸರಿಯಾದ ದಾರಿಯಲ್ಲಿ ಸಿಗುತ್ತದೆಯೇ? ಅಣ್ಣ ಈಗ ಶಾರ್ಜಾದಲ್ಲಿದ್ದಾನೆ. ಅವನು ಅಲ್ಲಿಂದ, ನಾನು ಇಲ್ಲಿಂದ, ಇಬ್ಬರೂ ಒಂದೇ ಆಟ ಆಡಲು ಸಾಧ್ಯವಿದ್ದರೆ ಅದನ್ನೂ ದಯವಿಟ್ಟು ತಿಳಿಸಿ.

ಕುಂಬಳೆ ಕಡಲು

ನಿಮ್ಮ ಬ್ರಾಡ್‌ಬ್ಯಾಂಡಿನ ದೋಷವಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ. ಒಬ್ಬರೇ ಆಡುವ ಹಳೆಯ ಆಟ ಬ್ರೌಸರಿನಲ್ಲಿ ತೆರೆದುಕೊಂಡ ಮೇಲೆ ಅಂತರ್ಜಾಲದಲ್ಲಿ ನಡೆಯುವುದೇ ಇಲ್ಲ. ಅದು ನಿಮ್ಮ ಲ್ಯಾಪ್‌ಟಾಪಿನೊಳಗೇ ನಡೆಯುತ್ತದೆ. ಪ್ಯಾಕ್‌ಮ್ಯಾನ್ ಯಂತ್ರದೊಳಗಿದ್ದ ಇಡೀ ಪ್ರೋಗ್ರಾಮಿನ ಗಾತ್ರ 16 ಕಿಲೋಬೈಟ್, ಅಂದರೆ ನಾವು ವಾಟ್ಸ್ಆ್ಯಪಿನಲ್ಲಿ ಕಳಿಸುವ ಒಂದು ಫೋಟೋಕ್ಕಿಂತ ಎಷ್ಟೋ ಕಡಿಮೆ. ಅದರ ಜೊತೆಗೆ ಇಳಿಯುವುದು ಎಮ್ಯುಲೇಟರ್ ಎಂಬ ತಂತ್ರಾಂಶ. ಬಣ್ಣದ ಮನೆಯಿಂದ ಹೊರಬಂದ ಕಲಾವಿದ ರಂಗಸ್ಥಳದಲ್ಲಿ ರಾವಣನೇ ಆಗಿಬಿಡುವಂತೆ, ಈ ತಂತ್ರಾಂಶ ನಿಮ್ಮ ಲ್ಯಾಪ್‌ಟಾಪಿಗೆ 1980ರ ಯಂತ್ರದ ವೇಷ ಹಾಕುತ್ತದೆ. ಆಟಕ್ಕೆ ತಾನು ಹಳೆಯ ಝಡ್80 ಚಿಪ್ಪಿನ ಮೇಲೆಯೇ ಓಡುತ್ತಿದ್ದೇನೆ ಎಂದು ತೋರುತ್ತದೆ. ಈ ಕೆಲಸದ ಬಹುದೊಡ್ಡ ಯೋಜನೆಯಾದ ‘ಮೇಮ್’ ಅನ್ನು ಇಟಲಿಯ ನಿಕೋಲಾ ಸಾಲ್ಮೋರಿಯಾ 1997ರಲ್ಲಿ ಹೊರತಂದರು. ಅದನ್ನೇ ಬ್ರೌಸರಿಗೆ ಒಗ್ಗಿಸಿ ಇಂಟರ್‌ನೆಟ್ ಆರ್ಕೈವ್ ಎಂಬ ಅಂತರ್ಜಾಲ ಗ್ರಂಥಾಲಯ 2014ರಲ್ಲಿ ‘ಇಂಟರ್‌ನೆಟ್ ಆರ್ಕೇಡ್’ ಎಂಬ ಸಂಗ್ರಹವನ್ನು ತೆರೆಯಿತು. ಆಡಲು ಯಾವ ಆ್ಯಪ್ ಕೂಡ ಬೇಕಿಲ್ಲ. ಆಟಕ್ಕೆ ಮೊದಲು ಏನನ್ನಾದರೂ ಹಾಕಿಕೊಳ್ಳಿ ಎನ್ನುವ ತಾಣವನ್ನು ಆ ಕ್ಷಣವೇ ಮುಚ್ಚಿಬಿಡಿ.

ಮಗಳಿಗೆ ಇನ್ನೂ ಸುಲಭವಾದದ್ದು ಗೂಗಲ್ ಡೂಡಲ್. ಪ್ಯಾಕ್‌ಮ್ಯಾನಿಗೆ 30 ವರ್ಷ ತುಂಬಿದಾಗ, 2010ರ ಮೇ ತಿಂಗಳಲ್ಲಿ, ಗೂಗಲ್ ತನ್ನ ಹೆಸರಿನ ಅಕ್ಷರಗಳನ್ನೇ ಓಣಿಗಳನ್ನಾಗಿಸಿ ಆಡಬಹುದಾದ ಡೂಡಲ್ ಹಾಕಿತ್ತು. ಅದು ಅವರ ಡೂಡಲ್ ಸಂಗ್ರಹದಲ್ಲಿ ಈಗಲೂ ಇದೆ. ‘ಇನ್ಸರ್ಟ್ ಕಾಯಿನ್’ ಗುಂಡಿಯನ್ನು ಎರಡನೆಯ ಬಾರಿ ಒತ್ತಿದರೆ ಮಿಸ್ ಪ್ಯಾಕ್‌ಮ್ಯಾನ್ ಬರುತ್ತಾಳೆ, ಒಂದೇ ಕೀಲಿಮಣೆಯಲ್ಲಿ ಅಪ್ಪ ಮಗಳು ಜೊತೆಯಾಗಿ ಆಡಬಹುದು.

ಇನ್ನು ತಡದ ವಿಷಯ. ಈ ಆಟ ಸೆಕೆಂಡಿಗೆ ಸುಮಾರು 60 ಚಿತ್ರಗಳನ್ನು ಬಿಡಿಸುತ್ತದೆ, ಅಂದರೆ ಒಂದು ಫ್ರೇಮಿಗೆ ಹೆಚ್ಚುಕಡಿಮೆ 16.7 ಮಿಲಿಸೆಕೆಂಡ್. ಹಳೆಯ ಅಂಗಡಿಯ ಯಂತ್ರದಲ್ಲಿ ಕೋಲಿನಿಂದ ತಂತಿ ನೇರವಾಗಿ ಒಳಗಿನ ಸರ್ಕ್ಯೂಟ್ ಬೋರ್ಡಿಗೆ ಹೋಗುತ್ತಿತ್ತು, ಬೋರ್ಡ್ ಕಳಿಸಿದ್ದನ್ನು ಪಿಕ್ಚರ್ ಟ್ಯೂಬು ಆ ಗಳಿಗೆಯಲ್ಲೇ ಗೆರೆಗೆರೆಯಾಗಿ ಬರೆಯುತ್ತಿತ್ತು. ನಿಮ್ಮಲ್ಲಿ ಈಗ ನಡುವೆ ಬ್ಲೂಟೂತ್ ಇದೆ, ಬ್ರೌಸರ್ ಇದೆ, ಎಲ್ಲಕ್ಕಿಂತ ಮುಖ್ಯವಾಗಿ ಟಿ.ವಿ. ಇದೆ. ಇಂದಿನ ಟಿ.ವಿ. ಚಿತ್ರವನ್ನು ಚಂದ ಮಾಡುವ ಸಲುವಾಗಿ ಕೆಲವು ಫ್ರೇಮುಗಳನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಸಿನಿಮಾ ನೋಡುವವರಿಗೆ ಇದು ತಿಳಿಯುವುದೇ ಇಲ್ಲ, ಆಡುವವರ ಕೈಗೆ ಮಾತ್ರ ತಿಳಿಯುತ್ತದೆ. ಟಿ.ವಿ.ಯ ಸೆಟ್ಟಿಂಗಿನಲ್ಲಿ ‘ಗೇಮ್ ಮೋಡ್’ ಆರಿಸಿ, ಕಂಟ್ರೋಲರನ್ನು ಯು.ಎಸ್.ಬಿ. ತಂತಿಯಿಂದ ಜೋಡಿಸಿ, ಬ್ರೌಸರನ್ನು ಪೂರ್ತಿ ತೆರೆಗೆ ಹಿಗ್ಗಿಸಿ ಆಡಿ ನೋಡಿ. ಬ್ಲೂಟೂತ್ ಸ್ಪೀಕರ್ ಇದ್ದರೆ ಅದನ್ನೂ ಬಿಡಿ, ಸದ್ದು ಹಿಂದೆ ಬಿದ್ದರೂ ಕೈ ಗಲಿಬಿಲಿಗೊಳ್ಳುತ್ತದೆ.

ಮುಳ್ಳೇರಿಯ ಮಾಷ್ಟ್ರು

ಮೇಲಿನವರು ಹೇಳಿದ್ದು ಸರಿ, ಆದರೆ ಪ್ಯಾಕ್‌ಮ್ಯಾನಿನಲ್ಲಿಯೇ ಇದು ಇಷ್ಟು ಚುಚ್ಚುವುದೇಕೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುವ ಅಗತ್ಯವಿದೆ, ಏಕೆಂದರೆ ಅದು ಆಟದ ತಿರುಳಿಗೇ ಸಂಬಂಧಿಸಿದ್ದು.

ಓಣಿಗಳು 8 ಪಿಕ್ಸೆಲ್ (ತೆರೆಯ ಮೇಲಿನ ಅತಿ ಸಣ್ಣ ಚುಕ್ಕೆ) ಅಗಲದ ಚೌಕಗಳ ಮೇಲೆ ಹಾಕಿದಂಥವು. ಮೊದಲ ಹಂತದಲ್ಲಿ ಪ್ಯಾಕ್‌ಮ್ಯಾನ್ ಹೆಚ್ಚುಕಡಿಮೆ ಫ್ರೇಮಿಗೆ ಒಂದು ಪಿಕ್ಸೆಲಿನಂತೆ ಓಡುತ್ತದೆ. ತಿರುವು ಬರುವ ಕೆಲವು ಪಿಕ್ಸೆಲ್ ಮೊದಲೇ ನೀವು ಕೋಲು ಎಳೆದಿದ್ದರೆ ಅದು ಮೂಲೆಯನ್ನು ಅಡ್ಡಹಾಯ್ದು, ಓರೆಯಾಗಿ ಕತ್ತರಿಸಿಕೊಂಡು ಹೋಗುತ್ತದೆ. ಭೂತಗಳಿಗೆ ಈ ಸೌಲಭ್ಯವಿಲ್ಲ, ಅವು ಚೌಕದ ಮಧ್ಯಕ್ಕೆ ಬಂದೇ ತಿರುಗಬೇಕು. ಹಾಗಾಗಿ ಪ್ರತಿ ಮೂಲೆಯಲ್ಲಿಯೂ ಭೂತಕ್ಕಿಂತ ಕೆಲವು ಪಿಕ್ಸೆಲ್ ಮುಂದೆ ಹೋಗುವುದೇ ಬದುಕಿಕೊಳ್ಳುವ ದಾರಿ. ಈಗ ನಿಮ್ಮ ಟಿ.ವಿ. ಮತ್ತು ಬ್ಲೂಟೂತ್ ಸೇರಿ ನಾಲ್ಕು ಫ್ರೇಮ್ ತಿಂದರೆ ನಾಲ್ಕು ಪಿಕ್ಸೆಲ್ ಹೋಯಿತು, ಮೂಲೆಯ ಲಾಭ ಪೂರ್ತಿ ಕೈಬಿಟ್ಟಿತು. ನಿಮ್ಮ ಕೈ ನಿಧಾನವಾಗಿಲ್ಲ. ಹಳೆಯ ಲೆಕ್ಕ ಅದಕ್ಕಿನ್ನೂ ನೆನಪಿದೆ, ಆ ಲೆಕ್ಕ ಈಗಿನ ಟಿ.ವಿ.ಯಲ್ಲಿ ಹೊಂದುತ್ತಿಲ್ಲ.

ಕೋಲಿನ ಬಗೆಯೂ ಮುಖ್ಯ. ಮೂಲ ಯಂತ್ರದ್ದು ನಾಲ್ಕೇ ದಿಕ್ಕಿಗೆ ಹೋಗುವ ಕೋಲು. ಈಗಿನ ಕಂಟ್ರೋಲರಿನ ಸಣ್ಣ ಕೋಲು ಎಲ್ಲ ಕಡೆಗೂ ವಾಲುತ್ತದೆ, ಮೇಲೆ ಎಂದು ನೀವು ಒತ್ತಿದ್ದು ಮೇಲೆ ಮತ್ತು ಬಲಕ್ಕೆ ಎಂದಾಗಿಬಿಡುತ್ತದೆ. ಅದನ್ನು ಬಿಟ್ಟು ಕೂಡಿಸುವ ಚಿಹ್ನೆಯ ಆಕಾರದ ಗುಂಡಿ ಅಥವಾ ಕೀಲಿಮಣೆಯ ಬಾಣದ ಕೀಲಿಗಳನ್ನು ಬಳಸಿ, ಮತ್ತು ತಿರುವಿನ ಹತ್ತಿರ ಬಂದಾಗ ಒತ್ತಬೇಡಿ, ಹಿಂದಿನ ತಿರುವು ಮುಗಿದೊಡನೆ ಮುಂದಿನದನ್ನು ಒತ್ತಿ ಹಿಡಿಯಿರಿ.

ಮಗಳಿಗೆ ಹೇಳಿಕೊಡಲು ಇನ್ನೊಂದು ವಿಷಯ. ನಾಲ್ಕು ಭೂತಗಳು ಸುಮ್ಮನೆ ಅಲೆಯುತ್ತಿಲ್ಲ. ಆಟವನ್ನು ರೂಪಿಸಿದ ನ್ಯಾಮ್ಕೋ ಕಂಪನಿಯ ತೋರು ಇವಾತಾನಿ ಒಂದೊಂದಕ್ಕೂ ಒಂದೊಂದು ಸ್ವಭಾವ ಕೊಟ್ಟಿದ್ದಾರೆ. ಕೆಂಪಿನದು ನೀವಿರುವ ಚೌಕಕ್ಕೇ ಬರುತ್ತದೆ. ಗುಲಾಬಿಯದು ನೀವು ಮುಖಮಾಡಿದ ದಿಕ್ಕಿನಲ್ಲಿ ನಾಲ್ಕು ಚೌಕ ಮುಂದಕ್ಕೆ ಗುರಿಯಿಡುತ್ತದೆ, ಆದ್ದರಿಂದಲೇ ಅದು ಎದುರಿನಿಂದ ಅಡ್ಡಗಟ್ಟುತ್ತದೆ. ಎದುರಾದಾಗ ನೀವು ಅದರ ಕಡೆಗೇ ಮುಖಮಾಡಿ ನಡೆದರೆ ಅದರ ಗುರಿ ಅದರ ಬೆನ್ನ ಹಿಂದೆ ಬಿದ್ದು ಅದು ಎಷ್ಟೋ ಬಾರಿ ಪಕ್ಕದ ಓಣಿಗೆ ಸರಿಯುತ್ತದೆ. ನೀಲಿಯದು ಕೆಂಪು ಭೂತ ಎಲ್ಲಿದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯುವುದರಿಂದ ಅದನ್ನು ಊಹಿಸುವುದು ಕಷ್ಟ. ಕಿತ್ತಳೆ ಬಣ್ಣದ್ದು ಎಂಟು ಚೌಕಕ್ಕಿಂತ ದೂರವಿದ್ದಾಗ ಅಟ್ಟಿಸಿಕೊಂಡು ಬರುತ್ತದೆ, ಹತ್ತಿರ ಬಂದೊಡನೆ ಎಡಗಡೆಯ ಕೆಳಮೂಲೆಗೆ ಮುಖ ತಿರುಗಿಸುತ್ತದೆ. ಮೊದಲ ಹಂತದ ಆರಂಭದಲ್ಲಿ 7 ಸೆಕೆಂಡು ಹೊರಗೆ ಬಂದ ಭೂತಗಳು ತಮ್ಮ ತಮ್ಮ ಮೂಲೆಗೆ ಹೋಗುತ್ತವೆ, ಆಮೇಲೆ 20 ಸೆಕೆಂಡು ಬೆನ್ನಟ್ಟುತ್ತವೆ, ಮತ್ತೆ 7, ಮತ್ತೆ 20. ಬೆನ್ನಟ್ಟುವುದನ್ನು ಬಿಡುವ ಗಳಿಗೆಯಲ್ಲಿ ಹೊರಗಿರುವ ಭೂತಗಳೆಲ್ಲ ಒಟ್ಟಿಗೆ ಹಿಂದಿರುಗುತ್ತವೆ. ಅದನ್ನು ಕಣ್ಣಾರೆ ಕಂಡರೆ ಮಗು ಆಟದ ಒಳಗನ್ನು ತಾನೇ ಹುಡುಕತೊಡಗುತ್ತದೆ. ನಾನು ಗಣಿತ ಕಲಿಸಿದವನು, ಇದಕ್ಕಿಂತ ಒಳ್ಳೆಯ ಪಾಠ ನನಗೆ ಹೆಚ್ಚು ಸಿಕ್ಕಿಲ್ಲ.

ಉಪ್ಪಳ ರಿಪೇರಿ

ಇಂಥ ಯಂತ್ರಗಳ ಮಾನಿಟರ್ ಮತ್ತು ಕೋಲುಗಳನ್ನು ಉಪ್ಪಳ, ಮಂಜೇಶ್ವರದ ಕಡೆ ನಾನು ಹಲವು ವರ್ಷ ರಿಪೇರಿ ಮಾಡಿದ್ದೇನೆ. ಮುಸ್ತಫಾ ವಿಷಯದಲ್ಲಿ ಮಾತ್ರ ನಿಮಗೆ ಸಿಹಿ ಸುದ್ದಿ ಹೇಳಲಾರೆ. ಅದರ ನಿಜವಾದ ಹೆಸರು ಕ್ಯಾಡಿಲಾಕ್ಸ್ ಆ್ಯಂಡ್ ಡೈನೊಸಾರ್ಸ್, ಜಪಾನಿನ ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ತಂದದ್ದು. ಮುಸ್ತಫಾ ಕೈರೋ ಎಂಬುದು ಅದರ ನಾಲ್ವರು ವೀರರಲ್ಲಿ ಒಬ್ಬನ ಹೆಸರು, ಹಳದಿ ಟೊಪ್ಪಿಯವನು. ಕಥೆ ಕಂಪನಿಯ ಸ್ವಂತದ್ದಲ್ಲ, ಅಮೆರಿಕದ ಕಾಮಿಕ್ಸ್ ಒಂದರಿಂದ ಹಕ್ಕು ಪಡೆದು ಮಾಡಿದ್ದು, ಕಾರುಗಳ ಹೆಸರು ಇನ್ನೊಂದು ಕಂಪನಿಯದು. 2018ರಲ್ಲಿ ಕ್ಯಾಪ್‌ಕಾಮ್ ತನ್ನ ಏಳು ಹಳೆಯ ಹೊಡೆದಾಟದ ಆಟಗಳನ್ನು ಒಂದೇ ಕಟ್ಟಾಗಿ ಮಾರಾಟಕ್ಕೆ ತಂದಾಗಲೂ ಇದು ಅದರಲ್ಲಿರಲಿಲ್ಲ. ನಮ್ಮ ಊರಿನ ಹುಡುಗರು ಅತಿ ಹೆಚ್ಚು ನಾಣ್ಯ ಸುರಿದ ಆಟವೇ ಅಂಗಡಿಯಲ್ಲಿ ಸಿಗದಿರುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಮೇಮ್‌ನಂಥ ಎಮ್ಯುಲೇಟರ್ ಮುಕ್ತ ತಂತ್ರಾಂಶ, ಅದನ್ನು ಬಳಸುವುದರಲ್ಲಿ ತಪ್ಪಿಲ್ಲ. ಆದರೆ ‘ರೋಮ್’ ಎಂದು ಕರೆಯುವ ಆಟದ ಫೈಲು ಹಳೆಯದಾಯಿತೆಂಬ ಕಾರಣಕ್ಕೆ ಯಾರ ಸ್ವತ್ತೂ ಅಲ್ಲದೆ ಹೋಗುವುದಿಲ್ಲ. ಹಕ್ಕು ಕಂಪನಿಯ ಬಳಿಯೇ ಇರುತ್ತದೆ. ಹಾಗೆಂದು ಈ ಫೈಲುಗಳನ್ನು ನಕಲಿಸಿ ಕಾಪಾಡಿದವರನ್ನು ನಾನು ಕಳ್ಳರೆನ್ನಲಾರೆ. ಕ್ಯಾಪ್‌ಕಾಮ್‌ನ ಸಿ.ಪಿ.ಎಸ್.-2 ಬೋರ್ಡುಗಳಲ್ಲಿ ಗುಟ್ಟಾಗಿ ಬರೆದ ಆಟವನ್ನು ಬಿಡಿಸಿ ಓದಲು ಬೇಕಾದ ಬೀಗದ ಕೈ ಬ್ಯಾಟರಿಯ ಬಲದಿಂದ ಮಾತ್ರ ಉಳಿಯುವ ಮೆಮೊರಿಯಲ್ಲಿತ್ತು. ಬ್ಯಾಟರಿ ಸತ್ತರೆ ಆ ಕೈಯೂ ಹೋಯಿತು, ಬೋರ್ಡು ಹಾಕಿದರೆ ತೆರೆಯ ಮೇಲೆ ಬರೀ ಒಂದು ಬಣ್ಣ. ಅಂಥ ಒಂದು ಬೋರ್ಡನ್ನು ಒಮ್ಮೆ ನನ್ನ ಮೇಜಿನ ಮೇಲಿಟ್ಟು ನೋಡಿದೆ: ಒಂದೇ ಒಂದು ಬೆಸುಗೆ ಬಿಟ್ಟಿರಲಿಲ್ಲ, ಒಂದು ಚಿಪ್ಪೂ ಸುಟ್ಟಿರಲಿಲ್ಲ, ಬೆರಳಿನಷ್ಟು ದಪ್ಪದ ಬ್ಯಾಟರಿಯೊಂದು ಖಾಲಿಯಾದ ಕಾರಣಕ್ಕೆ ಇಡೀ ಆಟ ಇಲ್ಲವಾಗಿತ್ತು. ಅಂದು ನನಗೆ ಅದನ್ನು ಬದುಕಿಸುವ ದಾರಿ ತಿಳಿದಿರಲಿಲ್ಲ. ಆ ಬೀಗವನ್ನು ಮುಂದೆ ಬಿಡಿಸಿದವರು ಎಮ್ಯುಲೇಟರಿನ ಆಸಕ್ತರೇ.

ಅಣ್ಣನ ಜೊತೆ ಆಡಲು ಕಿಂಗ್ ಆಫ್ ಫೈಟರ್ಸ್ 97 ಸರಿಯಾದ ಆಯ್ಕೆ. ಅದರ ‘ಗ್ಲೋಬಲ್ ಮ್ಯಾಚ್’ ಎಂಬ ಆವೃತ್ತಿ 2018ರಲ್ಲಿ ಬಂದಿದೆ, ಕೊಂಡುಕೊಂಡು ಅಂತರ್ಜಾಲದ ಮೂಲಕ ಇಬ್ಬರು ಆಡಬಹುದು.

ಕುಂಬಳೆ ಕಡಲು

ದೂರದ ಆಟದ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ನಿಮ್ಮ ಬ್ರಾಡ್‌ಬ್ಯಾಂಡ್ ಇಲ್ಲಿ ನಿಜವಾಗಿ ಲೆಕ್ಕಕ್ಕೆ ಬರುತ್ತದೆ. ಗಾಜಿನ ಎಳೆಯಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಹೋಗುತ್ತದೆ. ಕಾಸರಗೋಡಿನಿಂದ ಶಾರ್ಜಾಕ್ಕೆ ನೇರ ದಾರಿಯೇ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು. ಹೋಗಿ ಬರಲು ಕಡಿಮೆಯೆಂದರೂ 20 ಮಿಲಿಸೆಕೆಂಡ್ ಬೇಕು, ಸುತ್ತುದಾರಿ ಹಿಡಿದಾಗ ಅದರ ಎಷ್ಟೋ ಪಟ್ಟು. ಈ ತಡವನ್ನು ಮರೆಮಾಡಲು ‘ರೋಲ್‌ಬ್ಯಾಕ್’ ಎಂಬ ಉಪಾಯವಿದೆ. ಅಣ್ಣನ ಒತ್ತು ಬರುವ ತನಕ ಕಾಯದೆ, ಅವನು ಹಿಂದಿನ ಫ್ರೇಮಿನಲ್ಲಿ ಒತ್ತಿದ್ದನ್ನೇ ಈಗಲೂ ಒತ್ತಿದ್ದಾನೆಂದು ಊಹಿಸಿ ಆಟ ಮುಂದೆ ಹೋಗುತ್ತದೆ; ಊಹೆ ತಪ್ಪಾದರೆ ಕೆಲವು ಫ್ರೇಮ್ ಹಿಂದಕ್ಕೆ ಹೋಗಿ, ಸರಿಪಡಿಸಿಕೊಂಡು, ಕಣ್ಣುಮಿಟುಕಿಸುವುದರೊಳಗೆ ಈ ಕ್ಷಣಕ್ಕೆ ಮರಳುತ್ತದೆ. ಫೈಟ್‌ಕೇಡ್ ಎಂಬ ವೇದಿಕೆಯೂ ರೆಟ್ರೋಆರ್ಚ್ ತಂತ್ರಾಂಶವೂ ಈ ಬಗೆಯಲ್ಲಿ ಕೆಲಸ ಮಾಡುತ್ತವೆ, ಆದರೆ ಎರಡಕ್ಕೂ ಆಟದ ಫೈಲನ್ನು ನೀವೇ ತರಬೇಕು. ಉಪ್ಪಳದವರು ಹೇಳಿದ ಹಕ್ಕಿನ ಮಾತು ಅಲ್ಲಿಗೂ ಅನ್ವಯಿಸುತ್ತದೆ. ಯಾವುದರಲ್ಲಿ ಆಡಿದರೂ ವೈಫೈ ಬಿಟ್ಟು ರೂಟರಿನಿಂದ ಲ್ಯಾಪ್‌ಟಾಪಿಗೆ ತಂತಿ ಎಳೆಯಿರಿ.

ನೀರ್ಚಾಲಿನವ

ಎಲ್ಲರಿಗೂ ಮನಃಪೂರ್ವಕ ಧನ್ಯವಾದ. ಮೊನ್ನೆ ಭಾನುವಾರ ಟಿ.ವಿ.ಯನ್ನು ಗೇಮ್ ಮೋಡಿಗೆ ಹಾಕಿ, ತಂತಿಯ ಕಂಟ್ರೋಲರ್ ಜೋಡಿಸಿ ಆಡಿದೆ. ವ್ಯತ್ಯಾಸ ಮೊದಲ ತಿರುವಿನಲ್ಲಿಯೇ ತಿಳಿಯಿತು. ಅಂಗಡಿಯ ಯಂತ್ರದಷ್ಟು ಆಗಲಿಲ್ಲ, ಆದರೆ ಮಾಷ್ಟ್ರು ಹೇಳಿದಂತೆ ತಿರುವಿಗೆ ಮೊದಲೇ ಒತ್ತಿ ಹಿಡಿದಾಗ ಕೆಂಪು ಭೂತ ಮೂಲೆಯಿಂದ ಮೂಲೆಗೆ ಹಿಂದೆ ಬೀಳುವುದು ಕಾಣಿಸಿತು. ಮಗಳು ಭೂತಗಳ ಬಣ್ಣ ಬರೆದು, ಪಕ್ಕದಲ್ಲಿ ಅವುಗಳ ಗುಣ ಬರೆದ ಚೀಟಿಯನ್ನು ಟಿ.ವಿ.ಯ ಅಂಚಿಗೆ ಅಂಟಿಸಿದ್ದಾಳೆ. ಗುಲಾಬಿ ಭೂತಕ್ಕೆ ಎದುರಾಗಿ ನಡೆಯುವ ಧೈರ್ಯ ಅವಳಿಗೆ ನನಗಿಂತ ಬೇಗ ಬಂದಿದೆ.

ಅಣ್ಣನಿಗೆ ಶುಕ್ರವಾರ ರಜೆ. ಆಟವನ್ನು ಇಬ್ಬರೂ ಕೊಂಡಿದ್ದೇವೆ, ರೂಟರಿನಿಂದ ತಂತಿಯನ್ನೂ ಎಳೆದಿದ್ದೇನೆ. ಅವನು ಈಗಾಗಲೇ ಕೇಳಿದ ಪ್ರಶ್ನೆ ಒಂದೇ: ಬಲಗಡೆಯ ಜಾಗ ಯಾರಿಗೆ? ಅಂಗಡಿಯಲ್ಲಿ ಅದು ಯಾವತ್ತೂ ಅವನದೇ ಆಗಿತ್ತು. ಈ ಬಾರಿಯೂ ಅವನಿಗೇ ಬಿಟ್ಟುಕೊಟ್ಟಿದ್ದೇನೆ.