ಚೆಟ್ರಿ ಹೊಡೆದ ಗೋಲುಗಳೆಲ್ಲ ಸಣ್ಣ ತಂಡಗಳ ಮೇಲೇನಾ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ನಿನ್ನೆ ಆಫೀಸಿನಲ್ಲಿ ಊಟದ ಹೊತ್ತಿಗೆ ಶುರುವಾದ ವಾದ ಇನ್ನೂ ಮುಗಿದಿಲ್ಲ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಭಾರತ ಫುಟ್‌ಬಾಲ್ ತಂಡದ ಸುನಿಲ್ ಚೆಟ್ರಿ 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಆಡಿ ವಿದಾಯ ಹೇಳಿದಾಗ ಲೆಕ್ಕ 151 ಪಂದ್ಯ, 94 ಗೋಲು. ಆಮೇಲೆ ವಾಪಸ್ ಬಂದು 2025ರ ಮಾರ್ಚ್‌ನಲ್ಲಿ ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ಮೇಲೆ 95ನೆಯದನ್ನೂ ಹೊಡೆದರು. ನನ್ನ ಗೆಳೆಯ ಹೇಳುವುದು ಇಷ್ಟೇ: ನೇಪಾಳ, ಮಾಲ್ಡೀವ್ಸ್ ಮೇಲೆ ಯಾರು ಬೇಕಾದರೂ ಹೊಡೀತಾರೆ, ಅದಕ್ಕೆ ಇಷ್ಟು ಮೆರೆಸಬೇಕಾ?

ನನಗೆ ಉತ್ತರ ಕೊಡೋಕೆ ಆಗಲಿಲ್ಲ. ನಾನು ಫುಟ್‌ಬಾಲ್ ನೋಡೋಕೆ ಶುರು ಮಾಡಿದ್ದೇ 2018ರಲ್ಲಿ. ಮುಂಬೈಯಲ್ಲಿ ತೈವಾನ್ ವಿರುದ್ಧ 5–0 ಗೆದ್ದು, ಚೆಟ್ರಿ ಹ್ಯಾಟ್ರಿಕ್ ಹೊಡೆದ ದಿನ ಸ್ಟೇಡಿಯಂನಲ್ಲಿ ಇದ್ದದ್ದು ಬರೀ 2,569 ಜನ. ದಯವಿಟ್ಟು ಬಂದು ನೋಡಿ, ಬೇಕಾದರೆ ಬೈಯಿರಿ, ಆದರೆ ಬನ್ನಿ ಅಂತ ಅವರು ವಿಡಿಯೊ ಹಾಕಿದರಲ್ಲ, ಅದನ್ನು ನೋಡಿ ಟಿವಿ ಮುಂದೆ ಕೂತವನು ನಾನು. ಮುಂದಿನ ಪಂದ್ಯ ಕೀನ್ಯಾ ಮೇಲೆ, ಅವರ 100ನೇ ಪಂದ್ಯ. ಟಿಕೆಟ್ ಪೂರ್ತಿ ಖಾಲಿ, ಅವರದೇ ಎರಡು ಗೋಲು. ಅದಕ್ಕಿಂತ ಹಿಂದಿನದು ನನಗೆ ಗೊತ್ತಿಲ್ಲ. ಮೊದಲಿಂದ ನೋಡಿದವರು ಹೇಳಿ, ಫಾರ್ವರ್ಡ್ ಆಗಿ, ಅಂದರೆ ಮುಂದೆ ನಿಂತು ಗೋಲು ಹೊಡೆಯುವವರಾಗಿ, ಅವರು ನಿಜವಾಗಿ ಎಷ್ಟು ದೊಡ್ಡವರು?

ಕಂಠೀರವ_ಕಾಯಂ:
ನಿಮ್ಮ ಗೆಳೆಯರಿಗೆ ಒಂದೇ ಗೋಲು ತೋರಿಸಿ ಸಾಕು. 2023ರ ಜೂನ್ 27, ದಕ್ಷಿಣ ಏಷ್ಯಾದ ಸ್ಯಾಫ್ ಟೂರ್ನಿ, ನಮ್ಮ ಕಂಠೀರವ, ಎದುರಾಳಿ ಕುವೈತ್. ಮೊದಲರ್ಧ ಮುಗಿಯೋಕೆ ಬಂದಿದೆ. ಅನಿರುದ್ಧ ಥಾಪಾ ಕಾರ್ನರ್ ತೆಗೆದುಕೊಳ್ಳುತ್ತಿದ್ದಾರೆ. ಎಲ್ಲರ ಕಣ್ಣೂ ಗೋಲಿನ ಬಾಯಲ್ಲಿ ತಳ್ಳಾಡುತ್ತಿದ್ದ ಗುಂಪಿನ ಮೇಲೆ. ಚೆಟ್ರಿ ಆ ಗುಂಪಿನಲ್ಲಿ ಇಲ್ಲವೇ ಇಲ್ಲ. ಚೆಂಡು ಗಾಳಿಯಲ್ಲೇ ಅವರ ಹತ್ತಿರ ಬಂತು, ನೆಲಕ್ಕೆ ಬೀಳೋಕೆ ಬಿಡದೆ ಪಕ್ಕಕ್ಕೆ ವಾಲಿ ಒದ್ದರು, ಬಲೆ ಅಲ್ಲಾಡಿತು. ನಾನು ಅವತ್ತು ಸ್ಟ್ಯಾಂಡ್‌ನಲ್ಲಿದ್ದೆ. ಪಕ್ಕದಲ್ಲಿದ್ದ ಅಪರಿಚಿತರೊಬ್ಬರು ನನ್ನನ್ನು ತಬ್ಬಿಕೊಂಡು ಬಿಟ್ಟರು, ಇಬ್ಬರ ಚಹಾನೂ ಚೆಲ್ಲಿ ಹೋಯಿತು.

ಕೊನೆ ಗಳಿಗೆಯಲ್ಲಿ ನಾವೇ ನಮ್ಮ ಬಲೆಗೆ ಚೆಂಡು ಹಾಕಿಕೊಂಡು ಆ ಪಂದ್ಯ 1–1 ಆಯಿತು ಅನ್ನೋದು ಬೇರೆ ಮಾತು. ಜುಲೈ 4ಕ್ಕೆ ಅದೇ ಕುವೈತ್ ಅನ್ನು ಫೈನಲ್‌ನಲ್ಲಿ ಪೆನಾಲ್ಟಿಯಲ್ಲಿ ಸೋಲಿಸಿ ಕಪ್ ಎತ್ತಿದೆವು.

ಅಷ್ಟು ಜನರ ಮಧ್ಯೆ ಅವರೊಬ್ಬರೇ ಒಂಟಿಯಾಗಿ ಸಿಕ್ಕಿದ್ದು ಹೇಗೆ, ಅದನ್ನು ಯೋಚನೆ ಮಾಡಿ. ಎದುರಾಳಿ ಯಾರೇ ಆಗಲಿ, ಆ ಜಾಗ ಹುಡುಕೋದು ಸುಮ್ನೆ ಬರೋದಿಲ್ಲ.

ಮಲೆನಾಡ_ಮಿಡ್‌ಫೀಲ್ಡ್:
ನಾನು ಸ್ವಲ್ಪ ಬೇರೆ ಹೇಳುತ್ತೇನೆ, ಬೇಜಾರಾಗಬೇಡಿ. ತುಂಗಾತೀರ ಅವರ ಗೆಳೆಯರ ಮಾತಲ್ಲೂ ಸತ್ಯ ಇದೆ. ಗೋಲುಗಳಲ್ಲಿ ಎಷ್ಟೋ ಬಂದಿರೋದು ದಕ್ಷಿಣ ಏಷ್ಯಾದ ಅಕ್ಕಪಕ್ಕದ ದೇಶಗಳ ಮೇಲೇ. 2018ರಲ್ಲಿ ಅವರದೂ ಮೆಸ್ಸಿಯದೂ ಸಮ ಸಮ 64 ಗೋಲು ಅಂತ ಎಲ್ಲೆಡೆ ಹಾಕಿದರಲ್ಲ, ಅದು ಚೆಟ್ರಿಯ ಮೇಲೆ ಪ್ರೀತಿ ಇರುವ ನನಗೂ ಸರಿ ಕಾಣಲಿಲ್ಲ. ಇಬ್ಬರ ಎದುರಾಳಿಗಳೇ ಬೇರೆ.

ಆದರೆ ಆಡೋಕೆ ಸಿಕ್ಕಿದ ದೊಡ್ಡ ಪಂದ್ಯಗಳಲ್ಲಿ ಏನು ಮಾಡಿದರು ಅಂತ ನೋಡಬೇಕು. 2011ರ ಏಷ್ಯಾ ಕಪ್‌ನಲ್ಲಿ ಬಹ್ರೇನ್ ಮೇಲೆ ಒಂದು, ದಕ್ಷಿಣ ಕೊರಿಯಾ ಮೇಲೆ ಒಂದು. ಎರಡೂ ಪಂದ್ಯ ನಾವು ಹೀನಾಯವಾಗಿ ಸೋತೆವು, ಆದರೂ ಹೊಡೆದವರು ಅವರೇ. 2019ರಲ್ಲಿ ಅಬುಧಾಬಿಯಲ್ಲಿ ಥಾಯ್ಲೆಂಡ್ ಮೇಲೆ 4–1 ಗೆದ್ದಾಗ ಎರಡು. ಚೆಂಡು ಗೋಲಿನ ಹತ್ತಿರ ಬರೋದೇ ಅಪರೂಪ ಆಗಿರೋ ತಂಡದಲ್ಲಿ ಫಾರ್ವರ್ಡ್ ಆಗಿರೋದು ಅಂದರೆ 80 ನಿಮಿಷ ಕಾಯೋದು. ಕಾದು ಕಾದು ಗಮನ ಹೋಗಿಬಿಡುತ್ತೆ. ಅವರದು ಹೋಗಲಿಲ್ಲ.

ಹಲಸೂರು_ಹಳಬ:
ನಾನು ನಿಮಗಿಂತ ವಯಸ್ಸಲ್ಲಿ ದೊಡ್ಡವನು, ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ. ಬೆಂಗಳೂರಿಗೆ ಫಾರ್ವರ್ಡ್‌ಗಳು ಹೊಸಬರಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಮೇಲೆ ನಮ್ಮ ಏಕೈಕ ಗೋಲು ಹೊಡೆದ ರಾಮನ್ ಈ ಊರಿನವರು. ಅದೇ ತಂಡದ ಅಹ್ಮದ್ ಖಾನ್ ಕೂಡ ಇಲ್ಲಿಯವರೇ. ಗೌತಮಪುರಕ್ಕೆ ಹೋದರೆ ಪೆಲೆ ಪ್ರತಿಮೆ ಇದೆ, ಅಷ್ಟು ಹುಚ್ಚು ಆ ಕೇರಿಗಳಲ್ಲಿ.

ಚೆಟ್ರಿ ಹುಟ್ಟಿದ್ದು ಸಿಕಂದರಾಬಾದ್‌ನಲ್ಲಿ, 1984ರಲ್ಲಿ. ತಂದೆ ಸೈನ್ಯದಲ್ಲಿದ್ದವರು. ತಾಯಿ ಮತ್ತು ತಾಯಿಯ ಅವಳಿ ಸಹೋದರಿ ಇಬ್ಬರೂ ನೇಪಾಳದ ಮಹಿಳಾ ತಂಡಕ್ಕೆ ಆಡಿದವರು. 2002ರಲ್ಲಿ ಮೋಹನ್ ಬಾಗಾನ್ ಸೇರಿದಾಗ ಇನ್ನೂ 17 ವರ್ಷ. 2005ರಲ್ಲಿ ಕ್ವೆಟ್ಟಾದಲ್ಲಿ ಪಾಕಿಸ್ತಾನದ ಮೇಲೆ ಭಾರತಕ್ಕೆ ಮೊದಲ ಪಂದ್ಯ, ಅವತ್ತೇ ಗೋಲು.

ನನಗೆ ಮಾತ್ರ ಅವರು ಬೇರೆ ಅನ್ನಿಸಿದ್ದು 2008ರ ಆಗಸ್ಟ್‌ನಲ್ಲಿ. ದೆಹಲಿಯ ಅಂಬೇಡ್ಕರ್ ಸ್ಟೇಡಿಯಂ, ಏಷ್ಯಾದ ಫುಟ್‌ಬಾಲ್ ಸಂಸ್ಥೆ ಎಎಫ್‌ಸಿಯ ಚಾಲೆಂಜ್ ಕಪ್ ಫೈನಲ್, ತಜಿಕಿಸ್ತಾನ ವಿರುದ್ಧ. ಗೆದ್ದರೆ ಏಷ್ಯಾ ಕಪ್‌ಗೆ ಟಿಕೆಟ್. 1984ರ ಮೇಲೆ ನಾವು ಆ ಟೂರ್ನಿಯ ಮುಖ ನೋಡಿರಲಿಲ್ಲ. 4–1 ಗೆದ್ದೆವು, ಮೂರು ಚೆಟ್ರಿಯವು. ಇದನ್ನು ಸಣ್ಣ ತಂಡ ಅಂತ ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತೆ.

ಅದಾದ ಮೇಲಿನ ನಾಲ್ಕು ವರ್ಷ ಜನ ಮರೆತುಬಿಡುತ್ತಾರೆ. 2009ರಲ್ಲಿ ಇಂಗ್ಲೆಂಡಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಕ್ಲಬ್ ಕರೆದುಕೊಳ್ಳೋಕೆ ಒಪ್ಪಿತ್ತು. ಭಾರತ ಫಿಫಾ ಪಟ್ಟಿಯ ಮೊದಲ 70ರಲ್ಲಿ ಇಲ್ಲ ಅಂತ ಅಲ್ಲಿ ಕೆಲಸದ ಪರವಾನಗಿ ಸಿಗಲಿಲ್ಲ. ಅಂದರೆ ಅವರ ಆಟಕ್ಕಲ್ಲ, ನಮ್ಮ ದೇಶದ ಸ್ಥಾನಕ್ಕೆ ಬಾಗಿಲು ಮುಚ್ಚಿತು. 2010ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿ ಕ್ಲಬ್‌ಗೆ ಹೋದರು, ಆಡೋಕೆ ಸಿಕ್ಕಿದ್ದೇ ಕಡಿಮೆ. 2012ರಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್, ಅಲ್ಲೂ ಎರಡನೇ ತಂಡದಲ್ಲಿ ಬೆರಳೆಣಿಕೆಯ ಪಂದ್ಯ. ಎರಡು ಸಲ ಸಮುದ್ರ ದಾಟಿ ಬೆಂಚ್ ಮೇಲೆ ಕೂತು ಬಂದವರು 2013ರಲ್ಲಿ ಬೆಂಗಳೂರಿಗೆ, ಆಗಷ್ಟೇ ಹುಟ್ಟಿದ ಬೆಂಗಳೂರು ಎಫ್‌ಸಿ ಕ್ಲಬ್‌ಗೆ ಬಂದರು. ಮೊದಲ ವರ್ಷವೇ ಆಗ ದೇಶದ ಮುಖ್ಯ ಲೀಗ್ ಆಗಿದ್ದ ಐ-ಲೀಗ್ ಗೆದ್ದರು. ಅಶೋಕನಗರದ ಹಳೇ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಅವರು ಬೆವರು ಸುರಿಸಿ ಓಡುತ್ತಿದ್ದದ್ದನ್ನು ನಾನು ಬೇಲಿಗೆ ಅಂಟಿಕೊಂಡು ನೋಡಿದ್ದೇನೆ.

ತುಂಗಾತೀರ:
ಹಲಸೂರು ಸರ್, ತುಂಬಾ ಥ್ಯಾಂಕ್ಸ್. ಪರವಾನಗಿ ವಿಷಯ ಗೊತ್ತೇ ಇರಲಿಲ್ಲ. ಇನ್ನೊಂದು ಕೇಳಬೇಕಿತ್ತು. ನನ್ನ ಅಕ್ಕನ ಮಗನಿಗೆ 13 ವರ್ಷ, ಮುಂದೆ ಆಡ್ತಾನೆ. ಕುಳ್ಳ ಇದ್ದೀಯ, ಸ್ಟ್ರೈಕರ್ ಆಗೋಕಾಗಲ್ಲ, ಪಕ್ಕಕ್ಕೆ ಹೋಗು ಅಂತ ಅವನ ಕೋಚ್ ಹೇಳಿದ್ದಾರಂತೆ. ಎರಡು ದಿನ ಸರಿಯಾಗಿ ಊಟ ಮಾಡಿಲ್ಲ.

ಮಲೆನಾಡ_ಮಿಡ್‌ಫೀಲ್ಡ್:
ಚೆಟ್ರಿ ಎತ್ತರ 170 ಸೆಂ.ಮೀ. ಅಷ್ಟೇ. ತಲೆಯಲ್ಲಿ ಹೊಡೆದ ಗೋಲು ಎಷ್ಟು ಅಂತ ಹುಡುಗನಿಗೆ ತೋರಿಸಿ. 2025ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಸೆಮಿಫೈನಲ್‌ನಲ್ಲಿ ಗೋವಾ ವಿರುದ್ಧ ಹೆಚ್ಚುವರಿ ನಿಮಿಷದಲ್ಲಿ ಬೆಂಗಳೂರನ್ನು ಫೈನಲ್‌ಗೆ ಮುಟ್ಟಿಸಿದ್ದೂ ಹೆಡರ್ರೇ. ಆಗ ಅವರಿಗೆ 40. ಅದಕ್ಕೂ ಮೊದಲು ಡಿಸೆಂಬರ್‌ನಲ್ಲಿ ಕೇರಳ ಮೇಲೆ ಹ್ಯಾಟ್ರಿಕ್ ಬೇರೆ.

ಆದರೆ ಪಕ್ಕಕ್ಕೆ ಹೋಗು ಅಂದಿದ್ದಕ್ಕೆ ಹುಡುಗ ಅಷ್ಟು ನೊಂದುಕೊಳ್ಳೋದು ಬೇಡ. ಚೆಟ್ರಿ ಕೂಡ ಎಷ್ಟೋ ಸೀಸನ್ ಎಡಗಡೆ ಆಡಿದವರು. ಐಎಸ್‌ಎಲ್ ಶುರುವಾದಾಗ ಅಂಗಳದಲ್ಲಿ ಆರು ವಿದೇಶಿಯರಿಗೆ ಅವಕಾಶ ಇತ್ತು, ಪ್ರತಿ ಕ್ಲಬ್ಬೂ ಮುಂದಿನ ಜಾಗ ಹೊರಗಿನವರಿಗೇ ಕೊಡುತ್ತಿತ್ತು. ಬೆಂಗಳೂರಲ್ಲೂ 2017–18ರಲ್ಲಿ ನಡುವೆ ವೆನೆಜುವೆಲಾದ ಮಿಕು, ಪಕ್ಕದಲ್ಲಿ ಚೆಟ್ರಿ. ಮಿಕು 15 ಹೊಡೆದರೆ ಪಕ್ಕದಲ್ಲಿದ್ದ ಇವರು 14. ಇವರ ನಂತರ ಇನ್ನೊಬ್ಬ ಸ್ಟ್ರೈಕರ್ ಬರಲಿಲ್ಲ ಅಂತ ಕೊರಗುತ್ತೇವಲ್ಲ, ಆ ಜಾಗದಲ್ಲಿ ನಮ್ಮ ಹುಡುಗರನ್ನು ನಿಲ್ಲಿಸಿದ್ದೇ ಕಡಿಮೆ.

ಕಂಠೀರವ_ಕಾಯಂ:
ಹುಡುಗನಿಗೆ ಇದೊಂದು ಮಾಡಿಸಿ. ಅದೇ 2023ರ ಸ್ಯಾಫ್‌ನಲ್ಲಿ ಪಾಕಿಸ್ತಾನದ ಮೇಲೆ 4–0 ಗೆದ್ದ ಪಂದ್ಯದ ಮೊದಲ ಗೋಲಿನ ವಿಡಿಯೊ ಹಾಕಿ ತೋರಿಸಿ. 10ನೇ ನಿಮಿಷ. ಚೆಂಡು ಅವರ ಗೋಲ್‌ಕೀಪರ್ ಕಾಲಲ್ಲಿದೆ, ಅಪಾಯವೇ ಇಲ್ಲ. ಚೆಟ್ರಿ ಸುಮ್ನೆ ನಿಲ್ಲಲಿಲ್ಲ, ಓಡಿ ಹೋದರು. ಕೀಪರ್ ಗಡಿಬಿಡಿಯಲ್ಲಿ ತಪ್ಪು ಮಾಡಿದ, ಇವರು ಖಾಲಿ ಗೋಲಿಗೆ ತಳ್ಳಿದರು. ಇದಕ್ಕೆ ಎತ್ತರ ಬೇಡ.

ತುಂಗಾತೀರ:
ಈಗಷ್ಟೇ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡೂ ಗೋಲು ನೋಡಿದೆ. ಕುವೈತ್ ಮೇಲಿನದನ್ನು ನಾಲ್ಕು ಸಲ ಹಾಕಿಸಿಕೊಂಡ. ಐದನೇ ಸಲ ಫೋನ್ ಕಿತ್ತುಕೊಂಡು, ಕಾರ್ನರ್ ಒದೆಯೋ ಮುಂಚೆಯೇ ನಿಲ್ಲಿಸಿ, "ಮಾಮಾ, ನೋಡು, ಇಲ್ಲಿ ಇವರನ್ನ ಯಾರೂ ನೋಡ್ತಾನೇ ಇಲ್ಲ" ಅಂದ.